ವಲ್ಲಿಯ ಕೆಳಗಿನ ಕೈ

“ಮಾಸ್ತರ, ಕೈಯಾಗ ಜೋರಿನ ಎಲಿ ಇಟಗೊಂಡು ‘ಚೆಕ್’ ಅಂದು ಸುಮ್ಮನ ಕೂಡೂದು, ಎದುರಿನಂವಾ ಪಣ ಹಾಕಿದ ಮ್ಯಾಲೆ ಅದನ್ನ ಏರಸೂದು. ಈ ಆಟ ಯಾವಾಗ ಆಡಬೇಕು, ಹೆಂಗ ಆಡಬೇಕು? ಎರಡು ವರ್ಷ ಆತು, ಎಲ್ಲಾ ಕಲಿಸೀರಿ, ಇದೊಂದನ್ನ ಯಾಕ ಕಲಿಸಿಲ್ಲ?”

ಕೇಳಿದವನು ಫಕೀರಪ್ಪ. ಕೇಳಿಸಿಕೊಂಡವರು ಹಂಪಣ್ಣ ಮಾಸ್ತರರು. ಮಾಸ್ತರರು ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವರು. ನಿವೃತ್ತಿಯಾದ ಮೇಲೆ ಊರಿನ ವಾಚನಾಲಯದ ಪಡಸಾಲೆಯಲ್ಲಿ ದೊಡ್ಡವರಿಗೆ ಪೋಕರ್ ಕಲಿಸುತ್ತಿದ್ದರು. ಪಣಕ್ಕೆ ಹುಣಸೆ ಬೀಜ. ದುಡ್ಡು ತೆಗೆದವನು ಅಂದೇ ಪಡಸಾಲೆ ಇಳಿಯಬೇಕು. ಫಕೀರಪ್ಪ ಶಾಲೆಯಲ್ಲಿಯೂ ಅವರ ಶಿಷ್ಯ, ಇಲ್ಲಿಯೂ ಅವರ ಶಿಷ್ಯ. ಭೂಗೋಳ ಅವನಿಗೆ ಕೊನೆಯವರೆಗೂ ತಲೆಗೆ ಹತ್ತಲಿಲ್ಲ, ಎಲೆಯಾಟ ಹತ್ತಿತು.

ಅವನ ಪ್ರಶ್ನೆಗೆ ಕಾರಣವಿತ್ತು. ಹಿಂದಿನ ದಿನದ ಆಟದಲ್ಲಿ ಅವನಿಗೆ ಮೂರು ರಾಜರು ಕೂಡಿದ್ದರು. ಸರದಿ ಬಂದಾಗ ಪಣ ಹಾಕದೆ ಎದುರಿನವನಿಗೆ ದಾಟಿಸುವುದಕ್ಕೆ ಈ ಆಟದಲ್ಲಿ ಚೆಕ್ ಎನ್ನುತ್ತಾರೆ. ಫಕೀರಪ್ಪ ಯಾರೂ ಕಲಿಸದಿದ್ದರೂ ತಾನೇ ಜಾಣನಾಗಿ ಚೆಕ್ ಎಂದ. ಎದುರಿಗಿದ್ದ ಹಿಟ್ಟಿನ ಗಿರಣಿಯವನು ಪಣ ಹಾಕುತ್ತಾನೆ, ಆಗ ಏರಿಸಿ ಅವನನ್ನು ಹಣ್ಣು ಮಾಡುತ್ತೇನೆ ಎಂಬುದು ಲೆಕ್ಕ. ಗಿರಣಿಯವನು ಆಕಳಿಸಿ ತಾನೂ ಚೆಕ್ ಎಂದ. ನಡುವೆ ಇಡುವ, ಇಬ್ಬರಿಗೂ ಸೇರಿದ ಮುಂದಿನ ಎಲೆ ಪುಕ್ಕಟೆಯಾಗಿ ಬಿಚ್ಚಿಕೊಂಡಿತು. ಆ ಎಲೆಯಿಂದ ಗಿರಣಿಯವನಿಗೆ ಮೂರು ರಾಜರನ್ನು ಮೀರಿಸುವ ಒಂದೇ ಜಾತಿಯ ಐದು ಎಲೆ ಕೂಡಿದವು. ಮೂರು ರಾಜರು ಕೈಯಲ್ಲಿಯೇ ಉಳಿದರು.

ಮಾಸ್ತರರು ಎಲೆ ಕಲಸುವುದನ್ನು ನಿಲ್ಲಿಸಿ ಕಟ್ಟನ್ನು ಕೆಳಗಿಟ್ಟರು. ಆಟ ಆಮೇಲೆ, ಮೊದಲು ಒಂದು ಕತೆ ಕೇಳು ಎಂದರು. ಫಕೀರಪ್ಪ ಕಾಲು ಮಡಚಿಕೊಂಡು ಕುಳಿತ.

ಒಂದು ಊರಿನಲ್ಲಿ ಒಬ್ಬ ದನದ ದಲ್ಲಾಳಿ ಇದ್ದ. ವಾರಕ್ಕೊಮ್ಮೆ ಹತ್ತಿರದ ಪೇಟೆಯಲ್ಲಿ ದನದ ಸಂತೆ ಸೇರುತ್ತಿತ್ತು. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವ ಪದ್ಧತಿ ಇರಲಿಲ್ಲ. ಕೊಳ್ಳುವವನು, ಮಾರುವವನು ಎದುರುಬದುರು ನಿಲ್ಲಬೇಕು. ಒಬ್ಬ ತನ್ನ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಇಬ್ಬರ ಬಲಗೈ ಮುಚ್ಚುವಂತೆ ಹಾಸಬೇಕು. ಆ ಬಟ್ಟೆಯ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಒತ್ತಿ, ಬೆಲೆ ಆಡಬೇಕು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಮಾತ್ರ. ಬೆಲೆ ಕುದುರಿದರೆ ಅಲ್ಲಿಯೇ ಕೈ ಕುಲುಕುತ್ತಾರೆ. ಕುದುರದೆ ಒಬ್ಬ ಕೈ ಹೊರಗೆಳೆದರೆ, ಆ ದಿನ ಅದೇ ದನದ ಮೇಲೆ ಅದೇ ಇಬ್ಬರು ಮತ್ತೆ ಕೈ ಕೂಡಿಸುವಂತಿಲ್ಲ. ಅದು ಸಂತೆಯ ಕಟ್ಟಳೆ.

ದಲ್ಲಾಳಿ ಈ ವಿದ್ಯೆಯಲ್ಲಿ ಪಳಗಿದವನು. ಉಳಿದವರು ವಲ್ಲಿ ಹಾಸಿದ ಕೂಡಲೇ ಬೆರಳು ಆಡಿಸುತ್ತಿದ್ದರು. ಇವನು ಆಡಿಸುತ್ತಿರಲಿಲ್ಲ. ಕೈಯನ್ನು ಎದುರಿನವನ ಕೈಯೊಳಗೆ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ಸುಮ್ಮನಿರುವುದು ಸುಲಭವಲ್ಲ. ಎದುರಿಗೆ ನಿಂತವನಿಗೆ ಅದನ್ನು ತಡೆಯುವುದು ಅದಕ್ಕಿಂತ ಕಷ್ಟ. ಇವನಿಗೆ ದನ ಹಿಡಿಸಲಿಲ್ಲವೇನೋ, ಇವನು ಬಿಟ್ಟು ಹೋಗುತ್ತಾನೇನೋ ಎಂದು ಅವನ ಜೀವ ತಳಮಳಿಸುತ್ತಿತ್ತು. ತಡೆಯಲಾರದೆ ತಾನೇ ಮೊದಲು ಒಂದು ಬೆರಳು ಒತ್ತುತ್ತಿದ್ದ. ಒತ್ತಿದನೆಂದರೆ ಮುಗಿಯಿತು. ಅವನ ಮನಸ್ಸಿನಲ್ಲಿದ್ದದ್ದು ಬೆರಳಿಗೆ ಬಂದಿತು. ಅಲ್ಲಿಂದ ಮುಂದೆ ದಲ್ಲಾಳಿ ಹೇಳಿದ್ದೇ ಮಾತು.

ಇದನ್ನು ಅವನು ಎಲ್ಲರ ಮೇಲೂ ಮಾಡುತ್ತಿರಲಿಲ್ಲ. ಎದುರಿನವನನ್ನು ದೂರದಿಂದಲೇ ನೋಡಿಕೊಳ್ಳುತ್ತಿದ್ದ. ದನದ ಸುತ್ತ ಎರಡು ಸಲ ತಿರುಗಿದವನು, ಬಾಲ ಎತ್ತಿ ನೋಡಿ ಮತ್ತೆ ಹಲ್ಲು ನೋಡಿದವನು, ಹೆಂಡತಿಗೆ ಏನೋ ಪಿಸುಗುಟ್ಟಿ ಬಂದವನು, ಇಂಥವನಿಗೆ ಮಾತು ಗಂಟಲಲ್ಲಿಯೇ ಇರುತ್ತದೆ. ಅಂಥವನ ಮುಂದೆ ಸುಮ್ಮನಿದ್ದರೆ ಅವನೇ ಬಾಯಿ ಬಿಡುತ್ತಾನೆ. ಇನ್ನೂ ಒಂದು ಜಾಣತನ ಅವನಲ್ಲಿತ್ತು. ದನ ಬೇಕಾದಾಗ ಹೇಗೆ ನಿಲ್ಲುತ್ತಿದ್ದನೋ, ಬೇಡವಾದಾಗಲೂ ಹಾಗೆಯೇ ನಿಲ್ಲುತ್ತಿದ್ದ. ಅದೇ ಕೈ, ಅದೇ ಮುಖ, ಅಷ್ಟೇ ಹೊತ್ತು. ಹೀಗಾಗಿ ಅವನು ಸುಮ್ಮನೆ ನಿಂತದ್ದನ್ನು ನೋಡಿ ಅವನ ಮನಸ್ಸಿನಲ್ಲಿ ಏನಿದೆ ಎಂದು ಸಂತೆಯಲ್ಲಿ ಒಬ್ಬನೂ ಹೇಳುವಂತಿರಲಿಲ್ಲ. ಎಲೆಯಾಟ ಆಡುವವನು ಕಲಿಯಬೇಕಾದದ್ದು ಇದನ್ನೇ.

ದಲ್ಲಾಳಿಗೆ ಒಬ್ಬಳೇ ಮಗಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಇಬ್ಬರೇ ಉಳಿದರು. ಮಗುವಿಗೆ ಹಾಡು ಹೇಳೋಣವೆಂದರೆ ಅವನಿಗೆ ಹಾಡು ಬರುತ್ತಿರಲಿಲ್ಲ. ಕತೆ ಹೇಳೋಣವೆಂದರೆ ಅವನ ಕತೆಯೆಲ್ಲ ಎತ್ತಿನ ಹಲ್ಲಿಗೆ ಬಂದು ನಿಲ್ಲುತ್ತಿತ್ತು. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಸಂತೆ ಇಲ್ಲದ ದಿನ ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡು ವಲ್ಲಿ ಹಾಸುತ್ತಿದ್ದ. ಬೆಲ್ಲದ ಚೂರುಗಳನ್ನು ಇಟ್ಟು ವ್ಯಾಪಾರದ ಆಟ ಆಡಿಸುತ್ತಿದ್ದ. ಅವಳ ಪುಟ್ಟ ಬೆರಳು ಅವನ ಬೆರಳನ್ನು ಸುತ್ತುವಷ್ಟೂ ಉದ್ದ ಇರಲಿಲ್ಲ.

ಮೊದಮೊದಲು ಅವಳು ಪ್ರತಿ ಸಲವೂ ಸೋಲುತ್ತಿದ್ದಳು. ಅವಳ ಮುಖವೇ ಎಲ್ಲವನ್ನೂ ಒದರಿಬಿಡುತ್ತಿತ್ತು. ದೊಡ್ಡ ಚೂರು ಬೇಕಾದರೆ ಕಣ್ಣು ಅದರ ಮೇಲೆ. ಸುಳ್ಳು ಒತ್ತಿದರೆ ತುಟಿ ಒಳಗೆ. ಆಟದಲ್ಲಿ ಮಾತ್ರವಲ್ಲ, ದಿನವೆಲ್ಲ ಹೀಗೆಯೇ. ಹಸಿವೋ, ಹೊಟ್ಟೆನೋವೋ, ತಾಯಿಯ ನೆನಪೋ, ಅವನು ಕೇಳಬೇಕಾಗಿಯೇ ಇರಲಿಲ್ಲ. ಬಾಗಿಲಿಗೆ ಬಂದು ಒಮ್ಮೆ ನೋಡಿದರೆ ಸಾಕಿತ್ತು. ಆ ದಿನಗಳು ಎಷ್ಟು ಚೆಂದದವು ಎಂಬುದು ಆಗ ಅವನಿಗೆ ಗೊತ್ತಾಗಲಿಲ್ಲ.

ಅವನು ತಿದ್ದಿದ. ನಗಬೇಡ ಎಂದ. ಕಣ್ಣು ಅಲ್ಲಾಡಿಸಬೇಡ ಎಂದ. ಕೈ ತುಂಬಿದಾಗಲೇ ಬೆರಳು ಸುಮ್ಮನಿರಬೇಕು, ಎದುರಿನವನು ಒತ್ತುವ ತನಕ ನೀನು ಕಲ್ಲು ಎಂದ. ಹುಡುಗಿ ಚುರುಕು. ಎರಡು ವರ್ಷದಲ್ಲಿ ಕಲಿತಳು. ಒಂದು ಮಧ್ಯಾಹ್ನ ಅವಳು ಎಷ್ಟು ಹೊತ್ತು ಸುಮ್ಮನೆ ಕುಳಿತಳೆಂದರೆ, ಏಳು ಹಳ್ಳಿಯ ದನಗಾರರನ್ನು ಸೋಲಿಸಿದ ದಲ್ಲಾಳಿ ತಾನೇ ಮೊದಲು ಬೆರಳು ಒತ್ತಿಬಿಟ್ಟ. ಬೆಲ್ಲವೆಲ್ಲ ಅವಳ ಪಾಲಾಯಿತು. ಅವನು ಓಣಿಯ ತುಂಬ ಹೇಳಿಕೊಂಡು ಬಂದ. ನನ್ನ ಮಗಳು ನನ್ನನ್ನು ಸೋಲಿಸಿದಳು ಎಂದು ನಾಲ್ಕು ದಿನ ಹಿಗ್ಗಿದ.

ಅಂದಿನಿಂದ ಅವನು ಬಾಗಿಲಿಗೆ ಬಂದು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಹಸಿವಾಯಿತೇ ಎಂದು ಬಾಯಿಬಿಟ್ಟು ಕೇಳಬೇಕಾಯಿತು. ಮಗಳು ದೊಡ್ಡವಳಾದಳು, ಮಾತು ಕಡಿಮೆಯಾಗಿದೆ ಎಂದುಕೊಂಡ.

ಅವಳಿಗೆ ವರ ಬಂತು. ಪಕ್ಕದ ಸೀಮೆಯ ಒಕ್ಕಲಿನ ಮನೆ, ಹುಡುಗ ಒಳ್ಳೆಯವನು. ಹೆಣ್ಣು ತೋರಿಸುವ ದಿನ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು, ದಲ್ಲಾಳಿಯೂ ಅವಳನ್ನೇ ನೋಡುತ್ತಿದ್ದ. ಒಪ್ಪಿಗೆಯೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಒಳಗೆ ಕರೆದು ಕೇಳಿದ. ನಿನ್ನ ಇಷ್ಟ ಅಪ್ಪಾ ಎಂದಳು. ಆ ಮಾತನ್ನು ಹೇಗೆ ತೂಗಿದರೂ ಅದು ಯಾವ ಕಡೆಗೂ ವಾಲಲಿಲ್ಲ. ಮದುವೆ ಮಾಡಿದ. ಬಳುವಳಿಯಾಗಿ ಗಬ್ಬದ ಆಕಳು ಕೊಟ್ಟ. ಬೀಗರು ಹೊರಡುವಾಗ ಒಂದು ಸಣ್ಣ ಎಡವಟ್ಟಾಯಿತು. ತಾನು ಎಲೆ ಅಡಿಕೆ ತರುವಷ್ಟರಲ್ಲಿ ಅವರು ಗಾಡಿ ಹತ್ತಿದರು ಎಂಬುದು ದಲ್ಲಾಳಿಯ ಮನಸ್ಸಿನಲ್ಲಿ ಉಳಿಯಿತು. ಗಾಡಿ ಹತ್ತುವ ತನಕ ಯಾರೂ ಎಲೆ ಅಡಿಕೆ ತರಲಿಲ್ಲ ಎಂಬುದು ಬೀಗರ ಮನಸ್ಸಿನಲ್ಲಿ ಉಳಿಯಿತು. ಮನುಷ್ಯರು ಮುನಿಸಿಕೊಳ್ಳಲು ಇಷ್ಟು ಸಾಕು.

ನಾಗರ ಪಂಚಮಿ ಬಂತು. ಆ ಸೀಮೆಯಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮಗಳನ್ನು ತವರಿನವರು ಹೋಗಿ ಕರೆತರಬೇಕು. ಕರೆಯದೆ ಅವಳು ಬರುವಂತಿಲ್ಲ. ಅವಳ ಊರಿನ ಸೊಸೆಯಂದಿರೆಲ್ಲ ಅಂಗಳದಲ್ಲಿ ನಿಂತು ದಾರಿ ನೋಡುತ್ತಾರೆ. ಒಬ್ಬೊಬ್ಬಳ ಅಣ್ಣನೋ ಅಪ್ಪನೋ ಗಾಡಿ ಕಟ್ಟಿಕೊಂಡು ಬರುತ್ತಾನೆ. ಗಾಡಿ ಬಾರದವಳು ಒಳಗೆ ಹೋಗುತ್ತಾಳೆ.

ದಲ್ಲಾಳಿ ಎಲ್ಲ ಸಿದ್ಧ ಮಾಡಿದ್ದ. ಇಳಕಲ್ ಸೀರೆ ತಂದಿದ್ದ. ಪಕ್ಕದ ಮನೆಯ ಮುದುಕಿಗೆ ಹೇಳಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿದ್ದ. ತೊಲೆಗೆ ಜೋಕಾಲಿ ಹಾಕಿದ್ದ. ಎತ್ತಿನ ಕೊರಳಿಗೆ ಹೊಸ ಗೆಜ್ಜೆ ಕಟ್ಟಿದ್ದ. ಬೀಗರ ಕಡೆಯಿಂದ ಒಂದು ಮಾತು ಬರಲಿ, ಮಗಳನ್ನು ಕಳಿಸುತ್ತೇವೆ ಬನ್ನಿ ಎಂದು ಒಬ್ಬ ಆಳು ಬಂದು ಹೇಳಲಿ, ಒಂದಲ್ಲ ಎರಡು ಗಾಡಿ ಕಟ್ಟಿಕೊಂಡು ಹೋಗುತ್ತೇನೆ, ಅವರ ಊರು ಬೆರಗಾಗಬೇಕು ಎಂದುಕೊಂಡಿದ್ದ. ಮೊದಲು ತಾನೇ ಹೋದರೆ ತಗ್ಗಿದಂತೆ. ಅವರು ಒಂದು ಬೆರಳು ಒತ್ತಲಿ, ತಾನು ಮುಷ್ಟಿ ತುಂಬ ಕೊಡುತ್ತೇನೆ. ಅದು ಅವನ ಲೆಕ್ಕ.

ಮುದುಕಿ ಬೈದಳು. ಕರೆಯುವುದು ತವರಿನವರ ಕೆಲಸ, ಅವರೇಕೆ ಹೇಳಿ ಕಳಿಸುತ್ತಾರೆ ಎಂದಳು. ಅದು ಅವನಿಗೂ ಗೊತ್ತಿತ್ತು. ಆದರೂ ಕಾದ. ಹಬ್ಬ ಮುಗಿಯಿತು. ಉಂಡಿಯನ್ನು ಓಣಿಯ ಮಕ್ಕಳಿಗೆ ಹಂಚಿದ. ಖಾಲಿ ಜೋಕಾಲಿಯನ್ನು ತಾನೇ ಬಿಚ್ಚಿದ.

ಎರಡನೆಯ ವರ್ಷವೂ ಸೀರೆ ತಂದ. ಮೂರನೆಯ ವರ್ಷವೂ ತಂದ. ಪೆಟ್ಟಿಗೆಯಲ್ಲಿ ಮೂರು ಸೀರೆಯಾದವು. ಮೂರನೆಯ ಪಂಚಮಿಯ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಜೀಕುತ್ತಿದ್ದಾಗ ಅವನು ದನದ ಕೊಟ್ಟಿಗೆಯಲ್ಲಿ ಕುಳಿತು ಅತ್ತ. ಅಳುವುದು ಯಾರಿಗೂ ಕೇಳಿಸಲಿಲ್ಲ. ಹೊರಗೆ ಬಂದಾಗ ಅವನ ಮುಖ ಎಂದಿನಂತೆಯೇ ಇತ್ತು.

ನಾಲ್ಕನೆಯ ವರ್ಷ. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮರುವಾರದ ಸಂತೆ. ದಲ್ಲಾಳಿ ದನಗಳ ಸಾಲಿನಲ್ಲಿ ನಡೆದು ಬರುತ್ತಿದ್ದ. ಸಾಲಿನ ಕೊನೆಯಲ್ಲಿ ಒಂದು ಹೋರಿ ಹಿಡಿದುಕೊಂಡು ಮಗಳು ನಿಂತಿದ್ದಳು.

ಅವನ ಕಾಲು ನಿಂತಿತು. ಹೆಂಗಸು ದನ ಹಿಡಿದು ಆ ಸಂತೆಗೆ ಬಂದದ್ದೇ ಇಲ್ಲ, ಜನ ಆಗಲೇ ನೋಡುತ್ತಿದ್ದರು. ಮಗಳು ಸೊರಗಿದ್ದಳು. ಅವನನ್ನು ನೋಡಿದಳು. ನೋಡಿ ಸುಮ್ಮನೆ ನಿಂತಳು. ಅವನಿಗೆ ಮಾತಾಡಬೇಕು ಎನಿಸಿತು. ಹೇಗಿದ್ದೀ ಎನ್ನಬೇಕು ಎನಿಸಿತು. ಆದರೆ ನಲವತ್ತು ವರ್ಷದ ರೂಢಿ ಬಾಯಿಗಿಂತ ಮುಂದೆ ಓಡಿತು. ಅವನು ಹೋರಿಯ ಹತ್ತಿರ ಹೋಗಿ ಅದರ ತುಟಿ ಎತ್ತಿ ಹಲ್ಲು ನೋಡಿದ. ಎಷ್ಟು ಹಲ್ಲು ಎಂಬುದು ತಲೆಗೆ ಹೋಗಲಿಲ್ಲ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಹಾಸಿದ.

ಮಗಳು ಬಲಗೈಯನ್ನು ವಲ್ಲಿಯ ಕೆಳಗೆ ಇಟ್ಟಳು.

ನಾಲ್ಕು ವರ್ಷದ ಮೇಲೆ ಮಗಳ ಕೈ ಕೈಯೊಳಗೆ ಬಂದಿತ್ತು. ಬೆರಳಿನ ಬುಡದಲ್ಲಿ ಜಡ್ಡುಗಟ್ಟಿತ್ತು. ಕುಡುಗೋಲಿನದು. ಹೆಬ್ಬೆರಳಿನ ಹತ್ತಿರ ಹಳೆಯ ಗಾಯದ ಕಲೆ. ಅದು ಯಾವಾಗ ಆಯಿತು, ಯಾರು ಅರಿಸಿನ ಹಚ್ಚಿದರು, ಅವನಿಗೆ ಗೊತ್ತಿರಲಿಲ್ಲ. ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ಮನೆಗೆ ನಡೆದುಬಿಡಬೇಕು ಎನಿಸಿತು. ಮೂರು ಸೀರೆ ಪೆಟ್ಟಿಗೆಯಲ್ಲಿವೆ ಎಂದು ಹೇಳಬೇಕು ಎನಿಸಿತು. ಅವನ ಕೈ ಎಂದೂ ಇಷ್ಟು ತುಂಬಿರಲಿಲ್ಲ.

ಕೈ ತುಂಬಿದಾಗ ಅವನು ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಸುಮ್ಮನಿದ್ದ. ಇವಳೇ ಬಂದಿದ್ದಾಳೆ, ಇವಳಿಗೂ ಬೇಕಾಗಿದೆ, ಈಗ ಒಂದು ಬೆರಳು ಒತ್ತುತ್ತಾಳೆ. ಒತ್ತಲಿ, ಹೋರಿಗೆ ಅವಳು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು, ಅವಳನ್ನೂ ಹೋರಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದುಕೊಂಡ.

ಮಗಳ ಬೆರಳು ಅಲ್ಲಾಡಲಿಲ್ಲ.

ಅವನು ಅವಳ ಮುಖ ನೋಡಿದ. ಕಣ್ಣು ಸ್ಥಿರ. ತುಟಿ ಸ್ಥಿರ. ಎಷ್ಟು ಚೆನ್ನಾಗಿ ನಿಂತಿದ್ದಾಳೆ ಎಂದು ಆ ಹೊತ್ತಿನಲ್ಲಿಯೂ ಆ ಮೂಢನಿಗೆ ಹೆಮ್ಮೆಯಾಯಿತು. ಸಂತೆಯಲ್ಲಿ ತನ್ನೆದುರು ಇಷ್ಟು ಹೊತ್ತು ನಿಂತವರು ಯಾರೂ ಇಲ್ಲ ಎಂದುಕೊಂಡ. ಹೆಮ್ಮೆ ಇಳಿಯುವುದರೊಳಗೆ ಭಯ ಹತ್ತಿತು. ಇವಳಿಗೆ ನಾನು ಬೇಡವೇನೋ. ನಿಜವಾಗಿಯೂ ಹೋರಿ ಮಾರಲು ಬಂದಿದ್ದಾಳೇನೋ. ಕೊಳ್ಳುವವರಲ್ಲಿ ನಾನೂ ಒಬ್ಬನೇನೋ. ಅವಳ ಮುಖದಿಂದ ಹೌದು ಎಂದೂ ತಿಳಿಯಲಿಲ್ಲ, ಅಲ್ಲ ಎಂದೂ ತಿಳಿಯಲಿಲ್ಲ.

ಜನ ಸುತ್ತ ಕೂಡಿದರು. ಅಪ್ಪ ಮಗಳ ವ್ಯಾಪಾರ ನೋಡಿ ಎಂದು ನಕ್ಕರು. ವಲ್ಲಿಯ ಕೆಳಗೆ ಎರಡೂ ಕೈ ಬೆವರಿದವು. ಬೆವರು ಯಾರದು ಎಂದು ಹೇಳುವಂತಿರಲಿಲ್ಲ. ಮೇವು ಹೇರಿದ ಗಾಡಿಯೊಂದು ದಾರಿ ಬಿಡಿ ಎಂದು ಬಂತು. ಜನ ಸರಿದರು. ಮಗಳು ಕೈ ಹೊರಗೆಳೆದುಕೊಂಡಳು.

ಕಟ್ಟಳೆಯಂತೆ ಅಂದಿನ ವ್ಯಾಪಾರ ಅಲ್ಲಿಗೆ ಮುಗಿಯಿತು. ಮಗಳು ಹಗ್ಗ ಎಳೆದುಕೊಂಡು ನಡೆದಳು. ಅವಳು ತಿರುಗಿ ನೋಡಲಿ, ಆಗ ಕೂಗುತ್ತೇನೆ ಎಂದು ಅವನು ನಿಂತ. ಅವಳು ತಿರುಗಿ ನೋಡಲಿಲ್ಲ. ಹಿಂದಿನಿಂದ ಅವನು ಕೂಗಲಿ ಎಂದು ಅವಳು ಮೆಲ್ಲಗೆ ನಡೆದಳೋ ಏನೋ, ಹೋರಿಯೇ ಮೆಲ್ಲಗೆ ನಡೆಯಿತೋ ಏನೋ. ಅಂತೂ ಸಂತೆಯ ಬಯಲು ದಾಟಲು ಬಹಳ ಹೊತ್ತು ಹಿಡಿಯಿತು.

ಮುಂದಿನ ಸಂತೆಗೆ ದಲ್ಲಾಳಿ ಬೆಳಗಾಗುವುದರೊಳಗೆ ಹೋಗಿ ನಿಂತ. ವ್ಯಾಪಾರ ಮಾಡಲಿಲ್ಲ. ಸಾಲಿನ ಕೊನೆಯನ್ನೇ ನೋಡಿದ. ಅವಳು ಬರಲಿಲ್ಲ. ಅದರ ಮುಂದಿನ ಸಂತೆಗೆ ಹಗ್ಗ ಕೊಳ್ಳಲು ಅಳಿಯ ಬಂದಿದ್ದ. ಮಾವನನ್ನು ನೋಡಿ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಆಮೇಲೆ ಹತ್ತಿರ ಬಂದ.

“ಮಾವಾರ, ಆ ಹೋರಿ ಮಾರಾಕ ತಂದಿದ್ದಿಲ್ಲರಿ. ನೀವು ಮದಿವ್ಯಾಗ ಕೊಟ್ಟ ಆಕಳದ ಕರಾ ಅದು. ನಿಮ್ಮ ಮನ್ಯಾಗ ಕಟ್ಟಿ, ಪಂಚಮಿ ಮುಗಿಸಿಕೊಂಡು ಬರತೀನಿ ಅಂದಿದ್ಲು. ಅಕಿ ಅರಿವಿ ಗಂಟು ನನ್ನ ಹತ್ರ ಇತ್ರಿ, ಬೇವಿನ ಗಿಡದ ಕೆಳಗ ಹಿಡಕೊಂಡು ಕುಂತಿದ್ದೆ.”

ಹಾಗಾದರೆ ಬಾಯಿಬಿಟ್ಟು ಹೇಳಲಿಲ್ಲವೇಕೆ ಎಂದು ದಲ್ಲಾಳಿ ಕೇಳಿದ. ಕೇಳುವಾಗ ಅವನ ದನಿ ಅವನಿಗೇ ಗುರುತು ಹತ್ತಲಿಲ್ಲ. ತಾನೂ ಅದನ್ನೇ ಕೇಳಿದೆ ಎಂದ ಅಳಿಯ. ಕರೆಯುವುದು ಅಪ್ಪನ ಕೆಲಸ, ಅವನು ಒಂದು ಬೆರಳು ಒತ್ತಿದರೆ ಅದನ್ನೇ ಕರೆ ಎಂದು ತಿಳಿದು ಹೋಗುತ್ತಿದ್ದೆ, ಅವನ ಬೆರಳು ಅಲ್ಲಾಡಲಿಲ್ಲ ಎಂದಳಂತೆ. ಮನೆಗೆ ಬಂದು ಗಂಟು ಬಿಚ್ಚಿ ಬಟ್ಟೆಯನ್ನು ಮತ್ತೆ ಗಳುವಿಗೆ ಹಾಕಿದಳಂತೆ. ಅತ್ತಳೇ ಎಂದು ದಲ್ಲಾಳಿ ಕೇಳಿದ. ಅಳಿಯ ಸ್ವಲ್ಪ ಯೋಚಿಸಿದ. ನಾಲ್ಕು ವರ್ಷವಾಯಿತು, ಅವಳ ಮುಖ ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ ಎಂದ.

ಮರುದಿನ ಬೆಳಿಗ್ಗೆ ದಲ್ಲಾಳಿ ಗಾಡಿ ಕಟ್ಟಿದ. ಎರಡಲ್ಲ, ಒಂದೇ. ಮೂರು ಸೀರೆಯನ್ನು ಗಂಟು ಕಟ್ಟಿ ಅದರಲ್ಲಿಟ್ಟ. ಗೆಜ್ಜೆ ಕಟ್ಟಲು ಮರೆತ. ಬೀಗರ ಊರು ಸೇರಿದಾಗ ಮಧ್ಯಾಹ್ನ. ಬೀಗರು ಹೊಲಕ್ಕೆ ಹೋಗಿದ್ದರು. ಮಗಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಎದ್ದು ಕಾಲಿಗೆ ನೀರು ಕೊಟ್ಟಳು. ಬೀಗರಿಗೆ ಕೊಡುವಂತೆ ತಟ್ಟೆಯಲ್ಲಿ ಬೆಲ್ಲ ಇಟ್ಟು ಕುಡಿಯಲು ನೀರು ತಂದಳು. ಅವನು ಬೆಲ್ಲ ಮುಟ್ಟಲಿಲ್ಲ.

“ಯಾಕ ಬಂದಿ ಅಪ್ಪಾ?”

“ನಿನ್ನ ಕರಿಯಾಕ ಬಂದೀನಿ.”

ಬೆಲ್ಲದ ಆಟದ ಆ ಒಂದು ಮಧ್ಯಾಹ್ನ ಬಿಟ್ಟರೆ, ಜೀವಮಾನದಲ್ಲಿ ಮೊದಲ ಸಲ ಅವನು ಮೊದಲು ಒತ್ತಿದ್ದ. ಮಗಳು ಅವನ ಮುಖ ನೋಡಿದಳು. ಅವನು ಕಲಿಸಿದಂತೆಯೇ ನೋಡಿದಳು. ಮೊದಲು ಕಣ್ಣು, ಆಮೇಲೆ ಗಂಟಲು, ಆಮೇಲೆ ಕೈಯ ಹೆಬ್ಬೆರಳು. ಮೊದಲು ಬಾಯಿ ಬಿಡುವವನಿಗೆ ಏನೋ ಬೇಕಾಗಿರುತ್ತದೆ, ಅದು ಏನೆಂದು ಹುಡುಕು ಎಂದು ಅವಳಿಗೆ ಹೇಳಿಕೊಟ್ಟವನು ಅವನೇ. ಅವಳು ಹುಡುಕಿದಳು. ಅಪ್ಪ ಯಾವ ವ್ಯಾಪಾರಕ್ಕೆ ಬಂದಿದ್ದಾನೆ, ಇದರ ಹಿಂದೆ ಯಾವ ಬೆಲೆ ಇದೆ ಎಂದು ಹುಡುಕಿದಳು.

ಅವನಿಗೆ ತನ್ನ ಮುಖ ತೆರೆದು ತೋರಿಸಬೇಕಿತ್ತು. ನೋಡು, ಏನೂ ಬಚ್ಚಿಟ್ಟಿಲ್ಲ, ನೀನು ಬೇಕು, ಅಷ್ಟೇ ಎಂದು ಅಲ್ಲಿ ಬರೆದಿರಬೇಕಿತ್ತು. ನಲವತ್ತು ವರ್ಷ ಹಾಕಿಟ್ಟ ಬಾಗಿಲು. ಚಿಲಕ ಎಲ್ಲಿದೆ ಎಂದು ಅವನಿಗೇ ಮರೆತಿತ್ತು. ಒಳಗೆ ಎದೆ ಒಡೆಯುತ್ತಿತ್ತು, ಮೇಲೆ ಸಂತೆಯ ಮುಖವೇ ಇತ್ತು.

“ಹಬ್ಬಕ್ಕ ಇನ್ನೂ ಎರಡು ವಾರ ಐತೆಲ್ಲಪ್ಪಾ,” ಎಂದಳು ಮಗಳು.

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಅವನು ಆ ಮುಖದಲ್ಲಿ ಉತ್ತರ ಹುಡುಕಿದ. ಬೆಲ್ಲದ ಚೂರಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದ ಆ ಹುಡುಗಿಯನ್ನು ಹುಡುಕಿದ. ಅವಳನ್ನು ಅವನೇ ಒಂದೊಂದೇ ಬೆಲ್ಲದ ಚೂರು ಕೊಟ್ಟು ಕಳೆದಿದ್ದ. ಎದ್ದು ಹೊರಟ. ಸೀರೆಗಳ ಗಂಟನ್ನು ಕೊಡುವುದೇ, ಬೇಡವೇ ಎಂದು ಗೊತ್ತಾಗದೆ, ಕಟ್ಟೆಯ ಮೇಲೆ ಇಟ್ಟು ಬಂದ. ಮನೆಗೆ ಬಂದವನೇ ತೊಲೆಗೆ ಜೋಕಾಲಿ ಹಾಕಿದ. ಹಬ್ಬಕ್ಕೆ ಎರಡು ವಾರ ಇತ್ತು. ಅವನು ಜೋಕಾಲಿಯ ಪಕ್ಕದಲ್ಲಿ ಕುಳಿತು ದಾರಿ ನೋಡತೊಡಗಿದ.

ಮಾಸ್ತರರು ಇಲ್ಲಿಗೆ ಕತೆ ನಿಲ್ಲಿಸಿದರು. ಫಕೀರಪ್ಪ ಮುಂದಿನದಕ್ಕೆ ಕಾದ. ಮುಂದಿನದು ಬರಲಿಲ್ಲ. ಮಗಳು ಹಬ್ಬಕ್ಕೆ ಬಂದಳೋ ಇಲ್ಲವೋ ಎಂದು ಕೇಳಿದ. ಜೋಕಾಲಿಯ ಪಕ್ಕದಲ್ಲಿ ಕುಳಿತವನಿಗೇ ಅದು ಗೊತ್ತಿರಲಿಲ್ಲ, ಪಡಸಾಲೆಯಲ್ಲಿ ಕುಳಿತ ನಿನಗೇಕೆ ಅವಸರ ಎಂದು ಮಾಸ್ತರರು ಗದರಿದರು.

ಫಕೀರಪ್ಪ ತಲೆ ಕೆರೆದುಕೊಂಡ. ಕತೆಯನ್ನು ತನ್ನ ಎಲೆಗಳಿಗೆ ಹೊಂದಿಸಿ ನೋಡಿದ. ಪಣ ಹಾಕಲು ತುದಿಗಾಲಲ್ಲಿ ನಿಂತವನ ಮುಂದೆ ಮಾತ್ರ ಚೆಕ್ ಎನ್ನಬೇಕು, ಸುಮ್ಮನಿರಬಲ್ಲವನ ಮುಂದೆ ಬಲವಾದ ಕೈಯನ್ನು ತಾನೇ ಮೊದಲು ಆಡಬೇಕು, ನಿನ್ನೆ ಗಿರಣಿಯವನ ಮುಂದೆ ತಪ್ಪಿದ್ದು ಅದೇ, ಅಲ್ಲವೇ ಎಂದು ಕೇಳಿದ. ಯಾವಾಗ ಎಂಬುದಕ್ಕೆ ಅದೇ ಉತ್ತರ ಎಂದರು ಮಾಸ್ತರರು. ಹೇಗೆ ಎಂಬುದು ಅದಕ್ಕಿಂತ ಸುಲಭ, ಕೈ ತುಂಬಿದಾಗಲೂ ಬರಿದಾದಾಗಲೂ ಒಂದೇ ಮುಖ ಇಟ್ಟುಕೊಳ್ಳುವುದು, ನಿನ್ನಷ್ಟು ಪಳಗಿದವನಿಗೆ ಒಂದು ಮಧ್ಯಾಹ್ನದ ಕೆಲಸ ಎಂದರು.

“ಇಷ್ಟ ಸರಳ ಇದ್ರ ಎರಡು ವರ್ಷ ಯಾಕ ತಡದ್ರಿ ಮಾಸ್ತರ?”

ಮಾಸ್ತರರು ಎಲೆಯ ಕಟ್ಟನ್ನು ಎತ್ತಿಕೊಂಡು ಅವನ ಮುಖವನ್ನು ಒಂದು ಗಳಿಗೆ ನೋಡಿದರು.

“ಕೂಡು, ಇವತ್ತ ಕಲಿಸ್ತೀನಿ, ಕಲತ ಮ್ಯಾಲೆ ನಿನ್ನ ಮಾರಿ ನೋಡಿದ್ರ ನನಗ ಏನೂ ತಿಳಿಯೂದಿಲ್ಲ, ಅಷ್ಟ.”